ಉಪ್ಪು ನನ್ನ ಚೀಲದಲ್ಲೇ ಇತ್ತು

ನಾನು ಸ್ಕೌಟ್ ಮಾಸ್ಟರ್ ಆದ ಮೊದಲ ವರ್ಷದ ಶಿಬಿರದಲ್ಲಿ ಒಬ್ಬ ಹುಡುಗ ಬಂದು "ಸಾರ್, ನೀರು ಕುಡೀಲಾ?" ಅಂತ ಕೇಳಿದ. ಬಾಟಲಿ ಅವನ ಕೈಯಲ್ಲೇ ಇತ್ತು. ಆಗ ಅದು ನನಗೆ ಶಿಸ್ತು ಅನ್ನಿಸಿ ಖುಷಿಯಾಗಿತ್ತು! ಟೆಂಟ್ ಎಲ್ಲಿ ಹಾಕಬೇಕು, ಅಕ್ಕಿ ಎಷ್ಟು ಸೇರು, ಪಾತ್ರೆ ಯಾರು ತೊಳೀಬೇಕು, ಎಲ್ಲ ನಾನೇ ಹೇಳುತ್ತಿದ್ದೆ. ಸೀಟಿ ಊದಿದರೆ ಸಾಲು, ಇನ್ನೊಮ್ಮೆ ಊದಿದರೆ ಊಟ.

ಭ್ರಮೆ ಬಿಟ್ಟದ್ದು ನಾನೇ ಶಿಬಿರಾರ್ಥಿಯಾಗಿ ಹೋದಾಗ. ಸ್ಕೌಟ್ ಮಾಸ್ಟರ್‌ಗಳ ತರಬೇತಿಯಾದ ಬೇಸಿಕ್ ಕೋರ್ಸ್‌ನಲ್ಲಿ ನಮ್ಮಂಥ ಮೇಷ್ಟ್ರುಗಳನ್ನೇ ಪೆಟ್ರೋಲ್‌ಗಳಾಗಿ, ಅಂದರೆ ಒಬ್ಬೊಬ್ಬ ಲೀಡರ್ ಇರುವ ಸಣ್ಣ ತಂಡಗಳಾಗಿ ಮಾಡುತ್ತಾರೆ. ನಲವತ್ತು ದಾಟಿದ ನಾನು ನನಗಿಂತ ಹತ್ತು ವರ್ಷ ಚಿಕ್ಕವನೊಬ್ಬನ ಮಾತು ಕೇಳಿ ಸೌದೆ ಒಟ್ಟಿದೆ. 1907ರಲ್ಲಿ ಸ್ಕೌಟ್ ಚಳವಳಿ ಶುರುಮಾಡಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದ ಮೊದಲ ಶಿಬಿರದಲ್ಲಿ ಇಪ್ಪತ್ತರಷ್ಟು ಹುಡುಗರನ್ನು ನಾಲ್ಕು ಪೆಟ್ರೋಲ್ ಮಾಡಿ ಹುಡುಗರನ್ನೇ ಮುಂದೆ ಬಿಟ್ಟಿದ್ದರು. ಇದು ನನಗೆ ಬಾಯಿಪಾಠವಾಗಿತ್ತು. ಆದರೂ ನಮ್ಮ ಶಾಲೆಯ ಲೀಡರ್‌ಗಳಿಗೆ ಜೇಬಿನ ಮೇಲಿನ ಪಟ್ಟಿ ಬಿಟ್ಟು ನಾನೇನೂ ಕೊಟ್ಟಿರಲಿಲ್ಲ.

ಮರುವರ್ಷ ಲೀಡರ್ ಆಯ್ಕೆಯನ್ನು ಹುಡುಗರಿಗೇ ಬಿಟ್ಟೆ. ನಾನಾಗಿದ್ದರೆ ಕ್ಲಾಸಿಗೆ ಫಸ್ಟ್ ಬರುವವನನ್ನು ಆರಿಸುತ್ತಿದ್ದೆ. ನವಿಲು ಪೆಟ್ರೋಲ್‌ನವರು ಆರಿಸಿದ್ದು ಒಂಬತ್ತನೇ ತರಗತಿಯ, ಲೆಕ್ಕದಲ್ಲಿ ಸದಾ ಒದ್ದಾಡುವ ಒಬ್ಬನನ್ನು. ಬೆಳಗ್ಗೆ ಎಮ್ಮೆ ಕರೆದು, ಡೈರಿಗೆ ಹಾಲು ಹಾಕಿ ಶಾಲೆಗೆ ಬರುವ ಹುಡುಗ.

ಶಿಬಿರದ ಮೊದಲ ರಾತ್ರಿಯೇ ಅವನ ಒಲೆಯ ಮೇಲೆ ಸಾರು ಕುದಿಯುತ್ತಿದೆ, ಉಪ್ಪಿಲ್ಲ. ಸಾಮಾನು ನೋಡಿಕೊಳ್ಳುವ ಹುಡುಗ, ಕ್ವಾರ್ಟರ್ ಮಾಸ್ಟರ್, ಲಿಸ್ಟಿನಲ್ಲಿ ಬರೆದಿದ್ದ, ಲೀಡರ್ ಟಿಕ್ ಹಾಕಿದ್ದ, ಪೊಟ್ಟಣ ಮಾತ್ರ ಊರಲ್ಲೇ ಉಳಿದಿತ್ತು. ನನ್ನ ಚೀಲದಲ್ಲಿ ಅರ್ಧ ಕೆಜಿ ಉಪ್ಪು ಇತ್ತು. ಎರಡು ಸಲ ಕೈ ಚೀಲದವರೆಗೆ ಹೋಗಿ ಬಂತು. ಮರದ ಬುಡದಲ್ಲಿ ಸುಮ್ಮನೆ ಕೂತೆ.

ಅವನು ಹುಲಿ ಪೆಟ್ರೋಲ್‌ನವರ ಹತ್ತಿರ ಹೋದ. "ನಾಳೆ ನಮ್ ಸೌದೆನೂ ನೀವೇ ತರ್ಬೇಕು" ಅಂದರು.

"ಒಂದ್ ಹೊರೆ ಅಷ್ಟೆ ಕಣ್ರಲೇ."

ತೇಗದ ಎಲೆಯಲ್ಲಿ ಒಂದು ಹಿಡಿ ಉಪ್ಪು ಬಂತು. ಊಟವಾದಾಗ ಒಂಬತ್ತೂವರೆ.

ಅದಾದ ಮೇಲೆ ಕೋರ್ಟ್ ಆಫ್ ಆನರ್. ಲೀಡರ್‌ಗಳು ಲಾಟೀನಿನ ಸುತ್ತ ಕೂತು ಅವತ್ತಿನ ದಿನದ ಬಗ್ಗೆ ಮಾತಾಡುವ ಸಭೆ. ನಾನು ಒಂದು ಬದಿಗೆ ಕೂತಿದ್ದೆ. ಯಾರೂ ಕೇಳುವ ಮೊದಲೇ ಅವನು, "ಟಿಕ್ ಹಾಕಿದ್ದು ನಾನೇ. ನೋಡ್ದೇನೇ ಹಾಕ್ದೆ" ಅಂದ. ಮೂಟೆ ಬಿಚ್ಚಿ, ಒಂದೊಂದನ್ನೂ ಕೈಯಲ್ಲಿ ಮುಟ್ಟಿಯೇ ಟಿಕ್ ಹಾಕಬೇಕು ಅನ್ನುವುದು ಅವನದೇ ಸಲಹೆ. ನಮ್ಮಲ್ಲಿ ಈಗಲೂ ಅದೇ ನಡೆಯುತ್ತಿದೆ. ನಾನು ಹೇಳಿದ್ದರೆ ಇಷ್ಟು ದಿನ ಉಳಿಯುತ್ತಿತ್ತಾ? ನನಗೆ ನಂಬಿಕೆಯಿಲ್ಲ.

ಎಲ್ಲವನ್ನೂ ಹೀಗೆ ಬಿಟ್ಟುಕೊಡುವುದಿಲ್ಲ. ಕೆರೆಗೆ ನಾನಿಲ್ಲದೆ ಇಳಿಯುವಂತಿಲ್ಲ. ಮಲಗುವ ಮುನ್ನ ಒಲೆಯ ಬೂದಿಗೆ ನೀರು ಹೊಯ್ದು ಆರಿದೆಯಾ ಅಂತ ನಾನೇ ನೋಡುತ್ತೇನೆ. ಅನ್ನ ಸೀದರೆ, ಟೆಂಟ್ ವಾಲಿದರೆ ಬಾಯಿ ಬಿಡುವುದಿಲ್ಲ.

ಈ ಬಾಯಿ ಬಿಡದ ಹೆಮ್ಮೆಯಲ್ಲೇ ಒಮ್ಮೆ ದೊಡ್ಡ ತಪ್ಪು ಮಾಡಿದೆ. ಮೂರು ದಿನದ ಶಿಬಿರದಲ್ಲಿ ಇನ್ನೊಂದು ಪೆಟ್ರೋಲ್‌ನ ಲೀಡರ್ ಆರನೇ ತರಗತಿಯ ಪುಟ್ಟವನ ಕೈಲೇ ಮೂರು ಹೊತ್ತೂ ಪಾತ್ರೆ ತಿಕ್ಕಿಸಿದ. ನನ್ನ ಕಣ್ಣಿಗೆ ಬಿದ್ದಿತ್ತು. ಅವರವರಲ್ಲೇ ಸರಿಹೋಗಲಿ ಅಂದುಕೊಂಡೆ. ಎರಡನೇ ರಾತ್ರಿ ಮಗು "ಮನೆಗೆ ಹೋಗ್ತೀನಿ" ಅಂತ ಅಳತೊಡಗಿತು. ಬೆರಳ ಸಂದಿಯೆಲ್ಲ ಬೂದಿಗೆ ಬಿರಿದಿತ್ತು. ಕರೆದುಕೊಂಡು ಹೋಗಲು ಬಂದ ಅವರಪ್ಪ ಅದನ್ನು ನೋಡಿ, "ನೀವು ಇಲ್ಲೇ ಇದ್ರಲ್ಲ ಮೇಷ್ಟ್ರೇ, ಏನ್ ಮಾಡ್ತಿದ್ರಿ?" ಅಂತ ಕೇಳಿದರು. ಮರದ ಬುಡದಲ್ಲಿ ಕೂತಿದ್ದೆ ಅನ್ನಲು ನಾಲಿಗೆ ಏಳಲಿಲ್ಲ.

ಈಗ ಯಾರಿಗೆ ಯಾವ ಹೊತ್ತು ಯಾವ ಕೆಲಸ ಅನ್ನುವುದನ್ನು ಲೀಡರ್ ಬರೆದು ಟೆಂಟಿನ ಬಾಗಿಲಿಗೆ ನೇತುಹಾಕುತ್ತಾನೆ, ಅದರಲ್ಲಿ ಅವನ ಹೆಸರೂ ಇರಬೇಕು. ರಾತ್ರಿ ಒಲೆ ನೋಡಲು ಹೋಗುವ ಮುಂಚೆ ಪ್ರತಿ ಪೆಟ್ರೋಲ್‌ನ ಚಿಕ್ಕ ಹುಡುಗನ ಜೊತೆ ಐದು ನಿಮಿಷ ಕೂತು ಬರುತ್ತೇನೆ. ಊಟ ಮಾಡಿದ್ಯಾ, ಇವತ್ತು ಏನು ಕೆಲಸ ಮಾಡಿದೆ, ಇಷ್ಟೇ ಕೇಳುವುದು. ಮಾತಾಡುವಾಗ ಅವರ ಕೈ ನೋಡುತ್ತೇನೆ.