ಕೋರಿಕೆ ತಪ್ಪು ಪುಟಕ್ಕೆ ಬಂದಾಗ: ವಿಕಿಪೀಡಿಯದಲ್ಲಿ ನನ್ನ ಅನುಭವ

ವಿಕಿಪೀಡಿಯದಲ್ಲಿ ತಪ್ಪು ಪುಟಕ್ಕೆ ಬಂದು ಬೀಳುವ ತಿದ್ದುಪಡಿ ಕೋರಿಕೆಗಳನ್ನು "ಇಲ್ಲಲ್ಲ, ಅಲ್ಲಿ ಹೋಗಿ ಕೇಳಿ" ಎಂದು ಮುಚ್ಚುವುದನ್ನು ನಾನು ನಿಲ್ಲಿಸಿ ಎರಡು ವರ್ಷದ ಮೇಲಾಯಿತು. ಈಗ ಆ ಕೋರಿಕೆಯನ್ನೇ ಎತ್ತಿಕೊಂಡು ಸರಿಯಾದ ಚರ್ಚೆಪುಟಕ್ಕೆ (ಪ್ರತಿ ಪುಟದ ಜೊತೆ ಅದರ ಬಗ್ಗೆ ಮಾತಾಡಲು ಇರುವ ಪುಟ) ಒಯ್ಯುತ್ತೇನೆ. ಶುರುವಿನಲ್ಲಿ ಜೊತೆಯವರು ಇದನ್ನು ಒಪ್ಪಲಿಲ್ಲ. "ಒಂದು ಸಲ ಬರೆದು ಹೋದವರು ತಿರುಗಿ ನೋಡಲ್ಲ ಸಾರ್, ಸುಮ್ನೆ ಟೈಮ್ ವೇಸ್ಟ್" ಎಂದರು. ಅವರಲ್ಲೇ ಮೂರು ನಾಲ್ಕು ಜನ ಈಗ ಇದೇ ಕ್ರಮ ಹಿಡಿದಿದ್ದಾರೆ. ಹೇಗೆ ಮಾಡಿದೆ ಎಂದು ಕೇಳುವವರು ಜಾಸ್ತಿಯಾದ್ದರಿಂದ ಬರೆಯುತ್ತಿದ್ದೇನೆ.

ನಾನು ಜಾಸ್ತಿ ಇರುವುದು ಇಂಗ್ಲಿಷ್ ವಿಕಿಯಲ್ಲಿ, ಕರ್ನಾಟಕದ ಊರು, ಜಿಲ್ಲೆ, ಜನರ ಲೇಖನಗಳ ಸುತ್ತ. ಕನ್ನಡ ವಿಕಿಯ ಸಾಮಾನ್ಯ ಚರ್ಚೆಯ ಜಾಗವಾದ ಅರಳಿ ಕಟ್ಟೆಗೆ ಬರುವ ಕೋರಿಕೆಗಳನ್ನೂ ನೋಡುತ್ತೇನೆ. ಸಂರಕ್ಷಣೆ ಅಂದರೆ ಕೆಲವು ಲೇಖನಗಳಿಗೆ ಹಾಕುವ ಬೀಗ, ಆಗ ಹೊಸಬರು ತಾವೇ ತಿದ್ದಲಾಗದೆ ಚರ್ಚೆಪುಟದಲ್ಲಿ ತಿದ್ದುಪಡಿ ಕೋರುತ್ತಾರೆ. ಟೆಂಪ್ಲೇಟು ಅಂದರೆ ಪುಟಗಳಲ್ಲಿ ಸೇರಿಸುವ ಸಿದ್ಧ ಚೌಕಟ್ಟು, ಕೋರಿಕೆಗೂ ಒಂದಿದೆ. ಉಳಿದ ವಿವರ ಬಿಡುತ್ತೇನೆ.

ಹಳೆಯ ಪದ್ಧತಿ ನಿಮಗೂ ರೂಢಿಯಾಗಿರುತ್ತದೆ. ಸಿದ್ಧ ಉತ್ತರಗಳ ಪಟ್ಟಿಯಲ್ಲಿ 'ಮಿಸ್' ಅನ್ನುವುದೊಂದಿದೆ. ಅದನ್ನು ಒತ್ತಿದರೆ "ಇದು ಬೇರೆ ಪುಟದ ಸುಧಾರಣೆ ಚರ್ಚಿಸುವ ಜಾಗ, ದಯವಿಟ್ಟು ಸಂಬಂಧಪಟ್ಟ ಲೇಖನದ ಚರ್ಚೆಪುಟದಲ್ಲಿ ಕೇಳಿ" ಎಂಬರ್ಥದ ಸಾಲು ಬರುತ್ತದೆ. ಕೋರಿಕೆಯ ಟೆಂಪ್ಲೇಟಿನಲ್ಲಿ 'ಆನ್ಸರ್ಡ್' (ಉತ್ತರಿಸಿದೆಯೇ) ಮುಂದೆ 'ಯೆಸ್' ಬೀಳುತ್ತದೆ, ಬಾಕಿ ಕೋರಿಕೆಗಳ ಪಟ್ಟಿಯಿಂದ ಒಂದು ಕಡಿಮೆ. ನಮ್ಮ ಕಡೆಯಿಂದ ಕೆಲಸ ಮುಗಿಯಿತು. ಕೇಳಿದವರ ಕಡೆಯಿಂದ ನೋಡಿ. ತಾಲ್ಲೂಕು ಕಚೇರಿಯಲ್ಲಿ "ಆ ಟೇಬಲ್ಲಿಗೆ ಹೋಗಿ" ಅನ್ನಿಸಿಕೊಂಡು, ಆ ಟೇಬಲ್ ಯಾವುದು ಎಂದು ತಿಳಿಯದೆ ಮನೆಗೆ ವಾಪಸ್ ಹೋದ ಹಾಗಾಯಿತು. ನಾನು ಕೆಲವು ತಿಂಗಳ ಕಾಲ ಇಂಥ ಕೋರಿಕೆಗಳ ಹಿಂದೆ ಬಿದ್ದು ನೋಡಿದೆ. 'ಮಿಸ್' ಉತ್ತರ ಸಿಕ್ಕವರಲ್ಲಿ ಸರಿಯಾದ ಪುಟಕ್ಕೆ ಹೋಗಿ ಮತ್ತೆ ಕೇಳಿದವರು ಹತ್ತಕ್ಕೆ ಒಬ್ಬರೂ ಇಲ್ಲ. ಆದರೆ ಅವರು ಹೇಳಿದ್ದ ತಪ್ಪುಗಳಲ್ಲಿ ಅರ್ಧದಷ್ಟು ನಿಜವಾದ ತಪ್ಪುಗಳೇ, ಲೇಖನದಲ್ಲಿ ಹಾಗೇ ಕೂತಿದ್ದವು. ಅದನ್ನು ನೋಡಿ ನನಗೆ ಸಂಕಟವಾಯಿತು.

ಮೊದಲು ಮಾಡಿದ್ದು ದೊಡ್ಡ ಸೂಚನಾ ಫಲಕ. ಸಹಾಯ ಪುಟವೊಂದರ ಚರ್ಚೆಯ ತಲೆಯ ಮೇಲೆ ಕೆಂಪು ಪಟ್ಟಿ, ದಪ್ಪ ಅಕ್ಷರ, "ಲೇಖನದ ತಿದ್ದುಪಡಿ ಇಲ್ಲಿ ಕೇಳಬೇಡಿ". ಏನೂ ಬದಲಾಗಲಿಲ್ಲ. ಕಾರಣ ಆಮೇಲೆ ಹೊಳೆಯಿತು. ಮೊಬೈಲ್ ನೋಟದಲ್ಲಿ ಚರ್ಚೆಪುಟದ ಫಲಕಗಳು ಒಂದು ಸಣ್ಣ ಕೊಂಡಿಯ ಹಿಂದೆ ಮಡಚಿಕೊಂಡಿರುತ್ತವೆ. ನಮ್ಮ ಕಡೆಯ ಜನ ಬರುವುದೇ ಫೋನಿನಿಂದ. ನಾನು ಯಾರಿಗಾಗಿ ಬರೆದೆನೋ ಅವರಿಗೆ ಅದು ಕಾಣಿಸಿಯೇ ಇರಲಿಲ್ಲ. ಬರೆಯುವ ಪೆಟ್ಟಿಗೆಯ ಮೇಲೆ ಕಾಣುವ ಸೂಚನೆ, ಅಂದರೆ ಎಡಿಟ್ ನೋಟಿಸ್ ಹಾಕಿಸೋಣ ಎಂದು ಹೊರಟೆ. ಅದಕ್ಕೆ ನಿರ್ವಾಹಕರೋ ಟೆಂಪ್ಲೇಟು ಸಂಪಾದಕರೋ, ಹೀಗೆ ವಿಶೇಷ ಅಧಿಕಾರ ಇರುವವರು ಬೇಕು, ಕೇಳಿ ಹಾಕಿಸಿದ್ದಾಯಿತು. ಕಂಪ್ಯೂಟರಿನಲ್ಲಿ ಬರುವವರಲ್ಲಿ ಸ್ವಲ್ಪ ಕಡಿಮೆಯಾಯಿತು, ಫೋನಿನವರಲ್ಲಿ ಇಲ್ಲ. ದುರ್ಬಳಕೆ ತಡೆಯುವ ಫಿಲ್ಟರ್ ಬಳಸಿ ಎಚ್ಚರಿಕೆ ತೋರಿಸುವ ಮಾತೂ ಬಂತು. ಅದು ಬೇಡ ಎಂದು ನಾನೇ ಬಿಟ್ಟೆ. ಒಳ್ಳೆಯ ಮನಸ್ಸಿನಿಂದ ಬಂದವರಿಗೆ ಎಚ್ಚರಿಕೆ ಕೊಡುವುದು ಸರಿ ಕಾಣಲಿಲ್ಲ.

ಆಮೇಲೆ ಇವರು ಬರುವುದು ಎಲ್ಲಿಂದ ಎಂದು ಹುಡುಕತೊಡಗಿದೆ. ಈ ಕೆಲಸದಲ್ಲಿ ನನಗೆ ತುಂಬಾ ಕಲಿಸಿದ್ದು ಇದೇ ಭಾಗ. ಸಂರಕ್ಷಿತ ಲೇಖನದ ಮೇಲಿರುವ ಬೀಗದ ಚಿತ್ರ ಒತ್ತಿ ನೋಡಿ, ಸಂರಕ್ಷಣಾ ನೀತಿಯ ಪುಟಕ್ಕೆ ಹೋಗುತ್ತೀರಿ. ಅಲ್ಲಿಂದ 'ಚರ್ಚೆ' ಒತ್ತಿದರೆ ನೀತಿಯ ಚರ್ಚೆಪುಟ. ಅಲ್ಲಿ ಬರೆದುಬಿಡುತ್ತಾರೆ. ಲೇಖನದ ಕೊನೆಯ ನ್ಯಾವ್‌ಬಾಕ್ಸಿನಲ್ಲಿ, ಅಂದರೆ ಸಂಬಂಧಪಟ್ಟ ಲೇಖನಗಳ ಕೊಂಡಿಗಳಿರುವ ಪೆಟ್ಟಿಗೆಯಲ್ಲಿ, ವಿ, ಟಿ, ಇ ಎಂಬ ಮೂರು ಪುಟ್ಟ ಅಕ್ಷರ ಇವೆಯಲ್ಲ, ಅದರಲ್ಲಿ ಟಿ ಒತ್ತಿದವರು ಟೆಂಪ್ಲೇಟಿನ ಚರ್ಚೆಗೆ ಬೀಳುತ್ತಾರೆ. ತಾವು ಲೇಖನದ ಚರ್ಚೆಯಲ್ಲೇ ಇದ್ದೇವೆ ಎಂದುಕೊಂಡಿರುತ್ತಾರೆ. ಮೊಬೈಲ್ ನೋಟದಲ್ಲಿ ನ್ಯಾವ್‌ಬಾಕ್ಸ್ ಕಾಣಿಸುವುದೇ ಇಲ್ಲ, ಹಾಗಾಗಿ ಟೆಂಪ್ಲೇಟು ಚರ್ಚೆಗೆ ಬಂದವರು ಹೆಚ್ಚಾಗಿ ಕಂಪ್ಯೂಟರಿನವರು ಎಂದು ಊಹಿಸಬಹುದು. ಉಲ್ಲೇಖದಲ್ಲಿ ತಪ್ಪಿದ್ದರೆ ಕೆಂಪು ಅಕ್ಷರದ ಪಕ್ಕ 'ಸಹಾಯ' ಎಂಬ ಕೊಂಡಿ ಇರುತ್ತದೆ, ಅದು ಇನ್ನೊಂದು ದಾರಿ. ಏನೂ ತಿಳಿಯದವರು ಮುಖ್ಯ ಪುಟದ ಚರ್ಚೆಗೆ ಹೋಗುತ್ತಾರೆ. ಇಷ್ಟು ಗೊತ್ತಾದ ಮೇಲೆ, ಕೋರಿಕೆ ಯಾವ ಪುಟಕ್ಕೆ ಬಿದ್ದಿದೆ ಎಂಬುದರಿಂದಲೇ ಅದು ಯಾವ ಲೇಖನದ್ದು ಎಂದು ಅರ್ಧ ಪತ್ತೆ ಹಚ್ಚಬಹುದು.

ಈಗ ನಾನು ಮಾಡುವುದು ಹೀಗೆ. ಮೊದಲು ಲೇಖನಕ್ಕೆ ನಿಜವಾಗಿ ಬೀಗ ಇದೆಯೇ ನೋಡುತ್ತೇನೆ. ಎಷ್ಟೋ ಸಲ ಇರುವುದೇ ಇಲ್ಲ. ಕೋರಿಕೆಯಲ್ಲಿ ಒಳ್ಳೆಯ ಆಕರ ಇದ್ದರೆ ಅಥವಾ ಐದು ನಿಮಿಷದಲ್ಲಿ ನನಗೇ ಸಿಕ್ಕರೆ, ಅಲ್ಲೇ ತಿದ್ದಿ, ಹಳೆಯ ಜಾಗದಲ್ಲಿ ಆ ತಿದ್ದುಪಡಿಯ ಕೊಂಡಿ ಕೊಟ್ಟು ಮುಗಿಸುತ್ತೇನೆ. ಖಾತೆ ತೆರೆದು ನಾಲ್ಕು ದಿನ, ಹತ್ತು ಎಡಿಟ್ ದಾಟಿದವರಿಗೆ ಅರೆ ಸಂರಕ್ಷಿತ ಪುಟವೂ ತೆರೆದಿರುತ್ತದೆ. 30 ದಿನ, 500 ಎಡಿಟ್‌ನ ಬೀಗವಿದ್ದರೂ ನಮ್ಮಂಥವರಿಗೆ ತೊಂದರೆಯಿಲ್ಲ. ಆಕರ ಸಿಗದಿದ್ದಾಗ, ಅಥವಾ ನಾಲ್ಕು ಜನ ಮಾತಾಡಬೇಕಾದ ವಿಷಯವಾದಾಗ ಮಾತ್ರ ಸಾಗಿಸುತ್ತೇನೆ.

ಸಾಗಿಸುವಾಗ ಒಂದು ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಕೋರಿಕೆಯ ಟೆಂಪ್ಲೇಟಿನ ಮೊದಲ ಪ್ಯಾರಾಮೀಟರಿನಲ್ಲಿ, ಅಂದರೆ ವಿವರ ತುಂಬುವ ಮೊದಲ ಜಾಗದಲ್ಲಿ, ಹಳೆಯ ಪುಟದ ಹೆಸರೇ ಕೂತಿರುತ್ತದೆ. ಅದನ್ನು ಬದಲಿಸದೆ ಅಂಟಿಸಿದರೆ, ಬಾಕಿ ಕೋರಿಕೆಗಳನ್ನು ತಾನಾಗಿ ಪಟ್ಟಿ ಮಾಡುವ ಅನಾಮಿಬಾಟ್ ಎಂಬ ಪ್ರೋಗ್ರಾಮಿನ ಪಟ್ಟಿಯಲ್ಲಿ ಕೋರಿಕೆ ಮತ್ತೆ ಹಳೆಯ ಪುಟದ ಹೆಸರಿನಲ್ಲೇ ಕಾಣುತ್ತದೆ, ಇನ್ನೊಬ್ಬರು ಬಂದು 'ಮಿಸ್' ಒತ್ತಿ ಹೋಗುತ್ತಾರೆ. ಕೇಳಿದವರ ಮಾತು, ಸಹಿ, ಸಮಯ ಯಾವುದನ್ನೂ ಮುಟ್ಟಬಾರದು. ಎರಡೂ ಕಡೆ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬ ಕೊಂಡಿ ಇರಬೇಕು. ಬೇರೆಯವರ ಸಹಿಯಿರುವ ಮಾತನ್ನು ಎತ್ತಿಡುವುದು ಸರಿಯಲ್ಲ ಎಂದು ಒಬ್ಬ ಹಿರಿಯರು ಆಕ್ಷೇಪ ಎತ್ತಿದ್ದರು. ಎರಡು ಕೊಂಡಿ, ಎಡಿಟ್ ಸಾರಾಂಶದಲ್ಲಿ ಮೂಲ ಪುಟದ ಹೆಸರು, ಇಷ್ಟು ತೋರಿಸಿದ ಮೇಲೆ ಸುಮ್ಮನಾದರು. ಕೊನೆಗೆ ನನ್ನದೇ ಹೊಸ ಸಾಲು, ನನ್ನದೇ ಸಹಿ, ಅದರಲ್ಲೇ ಕೇಳಿದವರಿಗೆ ಪಿಂಗ್, ಅಂದರೆ ಅವರ ಹೆಸರು ಹಾಕಿ ಸೂಚನೆ ಕಳಿಸುವುದು. ಪಿಂಗ್ ಮತ್ತು ಸಹಿ ಒಂದೇ ಎಡಿಟ್‌ನಲ್ಲಿ ಇಲ್ಲದಿದ್ದರೆ ಸುದ್ದಿ ಮುಟ್ಟುವುದಿಲ್ಲ, ಗೊತ್ತಲ್ವಾ.

ವಿಜಯನಗರ ಜಿಲ್ಲೆಯ ಕೋರಿಕೆಗಳೇ ಈ ಕ್ರಮಕ್ಕೆ ನಿಜವಾದ ಪರೀಕ್ಷೆ. 2021ರಲ್ಲಿ ಬಳ್ಳಾರಿಯಿಂದ ಒಡೆದು ರಾಜ್ಯದ 31ನೇ ಜಿಲ್ಲೆಯಾಯಿತು. ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿ, ಹೀಗೆ ಆರು ತಾಲ್ಲೂಕು. "ನಮ್ಮೂರು ಈಗ ಬಳ್ಳಾರಿ ಜಿಲ್ಲೆ ಅಲ್ಲ, ವಿಜಯನಗರ ಅಂತ ಹಾಕಿ" ಎಂಬ ಕೋರಿಕೆಗಳು ಬಳ್ಳಾರಿ ಜಿಲ್ಲೆಯ ನ್ಯಾವ್‌ಬಾಕ್ಸ್ ಚರ್ಚೆಯಲ್ಲಿ ಬರುತ್ತಿದ್ದವು. ಊರಿನ ಹೆಸರೇ ಇರುತ್ತಿರಲಿಲ್ಲ, "ನಮ್ಮೂರು" ಅಷ್ಟೇ. 'ಮಿಸ್' ಒತ್ತಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಒಂದೊಂದನ್ನೂ ಹಿಡಿದು ಊರು ಯಾವುದು ಎಂದು ಪತ್ತೆ ಮಾಡಿ, ತಾಲ್ಲೂಕಿನ ಚರ್ಚೆಪುಟಕ್ಕೆ ಸಾಗಿಸಿ, ಜೊತೆಗೆ ಅದೇ ತಾಲ್ಲೂಕಿನ ಬೇರೆ ಊರುಗಳ ಲೇಖನಗಳನ್ನೂ ನೋಡಿದೆ. ಹರಪನಹಳ್ಳಿಯ ಕಡೆ ಹೆಚ್ಚು ಹೊತ್ತು ಹಿಡಿಯಿತು. ಬಳ್ಳಾರಿಯಲ್ಲಿದ್ದ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಆಮೇಲೆ ಮತ್ತೆ ಬಳ್ಳಾರಿಗೆ ಬಂದು, ಕೊನೆಗೆ ವಿಜಯನಗರಕ್ಕೆ ಸೇರಿದೆ. ಒಂದೇ ತಾಲ್ಲೂಕಿನ ಲೇಖನಗಳಲ್ಲಿ ಮೂರೂ ಜಿಲ್ಲೆಯ ಹೆಸರು ಇದ್ದವು. ಬಂದ ಕೋರಿಕೆ ಹತ್ತು ಹನ್ನೆರಡು ಇರಬಹುದು, ಸರಿಯಾದ ಲೇಖನ ನೂರರ ಹತ್ತಿರ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ನಮ್ಮ ಊರು ಯಾವ ಜಿಲ್ಲೆಯಲ್ಲಿದೆ ಎಂಬುದನ್ನು ವಿಶ್ವಕೋಶ ಸರಿಯಾಗಿ ಹೇಳಬೇಕು.

ದುಡ್ಡಿನ ವಿಷಯ. ಲ್ಯಾಪ್‌ಟಾಪ್ ಸೆಕೆಂಡ್ ಹ್ಯಾಂಡ್, ಹದಿನೈದು ಸಾವಿರ ಚಿಲ್ಲರೆ. ಮೊದಲು ಫೋನಿನ ಡೇಟಾದಲ್ಲೇ ಮಾಡುತ್ತಿದ್ದೆ, ಆಮೇಲೆ ಮನೆಗೆ ಫೈಬರ್ ಹಾಕಿಸಿದೆ, ತಿಂಗಳಿಗೆ ಐನೂರು ಆರುನೂರು. ಇದಕ್ಕೆ ಯಾರೂ ಕೊಡುವುದಿಲ್ಲ, ಕೊಡಬೇಕೆಂದೂ ನಾನು ಕೇಳುವುದಿಲ್ಲ. ಕೊಡುತ್ತೇವೆ ಎಂದು ಬರುವವರು ಬೇರೆ ಥರದವರು. ಕೋಚಿಂಗ್ ಸೆಂಟರ್ ನಡೆಸುವವರೊಬ್ಬರು ಸಹಾಯ ಪುಟದಲ್ಲಿ ಕೋರಿಕೆ ಹಾಕಿ, ನಾನು ಉತ್ತರ ಬರೆದ ಮೇಲೆ ಹೇಗೋ ನನ್ನ ನಂಬರ್ ಹಿಡಿದು "ಐದು ಸಾವಿರ ಫೋನ್‌ಪೇ ಮಾಡ್ತೀನಿ, ಒಂದು ಪ್ಯಾರಾ ಸೇರಿಸಿ ಸಾರ್" ಎಂದರು. 2014ರಿಂದ ಹಣ ಪಡೆದು ಬರೆಯುವವರು ಅದನ್ನು ಬಹಿರಂಗವಾಗಿ ಹೇಳಬೇಕು ಎಂಬುದು ಬಳಕೆಯ ನಿಯಮದಲ್ಲೇ ಇದೆ. ಅದನ್ನೇ ಅವರಿಗೆ ಹೇಳಿ, ಹಿತಾಸಕ್ತಿ ಇರುವವರ ಕೋರಿಕೆಯ ಟೆಂಪ್ಲೇಟು ಹಾಕಿಸಿದೆ. ಆ ಪ್ಯಾರಾದಲ್ಲಿ ಒಂದು ಸಾಲಿಗೆ ಆಕರ ಇತ್ತು. ಅದಷ್ಟೇ ಸೇರಿತು, ಉಚಿತವಾಗಿ.

ನಾನು ದುಡ್ಡು ಖರ್ಚು ಮಾಡಿದ ಒಂದು ಪ್ರಯೋಗವೂ ಇದೆ. ಇಬ್ಬರು ಡಿಗ್ರಿ ವಿದ್ಯಾರ್ಥಿಗಳಿಗೆ, ಹಳೆಯ ಕೋರಿಕೆಗಳನ್ನು ಓದಿ ಯಾವುದು ಯಾವ ದಾರಿಯಿಂದ ಬಂದಿದೆ ಎಂದು ಎಕ್ಸೆಲ್ ಹಾಳೆಯಲ್ಲಿ ಬರೆಯಲು ಹೇಳಿದೆ. ವಿಕಿಯಲ್ಲಿ ಎಡಿಟ್ ಮಾಡುವುದಲ್ಲ, ಓದಿ ಗುರುತಿಸುವುದು ಮಾತ್ರ. ಒಂದಕ್ಕೆ ಐದು ರೂಪಾಯಿ. ಒಂದೇ ವಾರಕ್ಕೆ ಹಾಳೆ ತುಂಬಿತು, ಅರ್ಧಕ್ಕರ್ಧ 'ಗೊತ್ತಿಲ್ಲ' ಎಂದೇ ಇತ್ತು. ಲೆಕ್ಕಕ್ಕೆ ದುಡ್ಡು ಕೊಟ್ಟರೆ ಲೆಕ್ಕ ಬೆಳೆಯುತ್ತದೆ. ತಿಂಗಳಿಗೆ ಇಷ್ಟು ಎಂದು ಮಾಡಿ, ದಿನಕ್ಕೆ ಹತ್ತು ಸಾಕು ಎಂದ ಮೇಲೆ ಚೆನ್ನಾಗಿ ಬಂತು. ಒಟ್ಟು ಒಂಬತ್ತು ಹತ್ತು ಸಾವಿರ ಹೋಗಿರಬಹುದು. ಬೀಗದ ಚಿತ್ರ ಮತ್ತು ನ್ಯಾವ್‌ಬಾಕ್ಸ್, ಈ ಎರಡು ದಾರಿಯಿಂದಲೇ ಹೆಚ್ಚಿನವರು ಬರುತ್ತಾರೆ ಎಂದು ಖಾತ್ರಿಯಾಗಿದ್ದು ಆ ಹಾಳೆಯಿಂದ.

ಸಾಗಿಸುವ ಮೊದಲು ಮಾಡಲೇಬೇಕಾದ್ದು ಇನ್ನೊಂದಿದೆ. ಜನ ಕೋರಿಕೆಯ ಕೆಳಗೆ ಫೋನ್ ನಂಬರ್, ಇಮೇಲ್, ಕೆಲವೊಮ್ಮೆ ಮನೆ ವಿಳಾಸ ಬರೆದಿರುತ್ತಾರೆ. ಅದನ್ನು ಇನ್ನೊಂದು ಪುಟಕ್ಕೆ ಒಯ್ಯಬೇಡಿ. ಮೊದಲು ಅಳಿಸಿ, ಪುಟದ ಇತಿಹಾಸದಿಂದಲೂ (ಹಳೆಯ ಆವೃತ್ತಿಗಳ ದಾಖಲೆ) ಮರೆಮಾಡಿಸಿ. ಇಂಗ್ಲಿಷ್ ವಿಕಿಯಲ್ಲಿ ಹೀಗೆ ಮರೆಮಾಡುವ ಓವರ್‌ಸೈಟ್ ತಂಡಕ್ಕೆ ಇಮೇಲ್ ಮಾಡಿದರೆ ಬೇಗ ಆಗುತ್ತದೆ. ಕನ್ನಡ ವಿಕಿಯಲ್ಲಿ ಸ್ಥಳೀಯ ಓವರ್‌ಸೈಟರ್ ಇಲ್ಲ, ಎಲ್ಲ ವಿಕಿಗಳಲ್ಲೂ ಅಧಿಕಾರ ಇರುವ ಸ್ಟೀವರ್ಡ್‌ಗಳಿಗೆ ಬರೆಯಬೇಕು. ಇದು ಅತಿಯಾದ ಎಚ್ಚರಿಕೆ ಎನ್ನುವವರು 2015ರ ಆರೆಂಜ್‌ಮೂಡಿ ಪ್ರಕರಣ ನೆನಪಿಸಿಕೊಳ್ಳಿ. ತಿರಸ್ಕೃತವಾದ ಕರಡುಗಳನ್ನು ಹುಡುಕಿ, ಬರೆದವರನ್ನು ಸಂಪರ್ಕಿಸಿ, ಲೇಖನ ಉಳಿಸುತ್ತೇವೆ ಎಂದು ಹಣ ಕೀಳುತ್ತಿದ್ದ ಜಾಲ ಅದು. 381 ಖಾತೆಗಳನ್ನು ತಡೆಹಿಡಿದರು. ಉತ್ತರ ಸಿಗದೆ ಬಿದ್ದಿರುವ ಕೋರಿಕೆಯ ಪಕ್ಕ ಫೋನ್ ನಂಬರ್ ಇದ್ದರೆ ಅಂಥವರಿಗೆ ಕೆಲಸ ಇನ್ನೂ ಸುಲಭ.

ಕಂಗ್ಲಿಷ್ ಕೋರಿಕೆಗಳ ಮೇಲೆ ನಡೆಸಿದ ಪ್ರಯೋಗ ನನಗೆ ಖುಷಿ ಕೊಟ್ಟಿತು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಕೇಳುವವರಿಗೆ ಮೊದಲೆಲ್ಲ ಇಂಗ್ಲಿಷ್‌ನಲ್ಲೇ ಉತ್ತರ ಹೋಗುತ್ತಿತ್ತು. ನಾನು ಮೇಲೆ ಕನ್ನಡದಲ್ಲಿ ಎರಡು ಸಾಲು, ಕೆಳಗೆ ಉಳಿದವರಿಗಾಗಿ ಅದೇ ಮಾತು ಇಂಗ್ಲಿಷ್‌ನಲ್ಲಿ ಬರೆಯತೊಡಗಿದೆ. "ನಮಸ್ಕಾರ, ನೀವು ಹೇಳಿದ ತಪ್ಪು ಇರುವುದು ಈ ಪುಟದಲ್ಲಿ, ನಿಮ್ಮ ಕೋರಿಕೆಯನ್ನು ಅಲ್ಲಿಗೆ ತಂದಿದ್ದೇನೆ, ಪತ್ರಿಕೆಯ ಕೊಂಡಿ ಇದ್ದರೆ ಕೊಡಿ." ಹತ್ತರಲ್ಲಿ ಮೂವರಾದರೂ ವಾಪಸ್ ಬಂದು ಕೊಂಡಿ ಕೊಡುತ್ತಾರೆ. ಹಗರಿಬೊಮ್ಮನಹಳ್ಳಿ ಕಡೆಯವರೊಬ್ಬರು ಹೀಗೇ ಬಂದವರು, ಈಗ ಕನ್ನಡ ವಿಕಿಯಲ್ಲಿ ತಮ್ಮ ಸುತ್ತಲಿನ ಕೆರೆಗಳ ಬಗ್ಗೆ ತಾವೇ ಬರೆಯುತ್ತಿದ್ದಾರೆ.

ಲಾಗಿನ್ ಆಗದೆ ಬರೆಯುವವರ ಕಥೆ ಮೊದಲು ಕಷ್ಟವಿತ್ತು. ಮೊಬೈಲ್ ಐಪಿ ಬದಲಾಗುತ್ತಲೇ ಇರುತ್ತದೆ, ನಾವು ಬರೆದ ಉತ್ತರ ಇನ್ಯಾರಿಗೋ ತಲುಪುತ್ತಿತ್ತು. ಲಾಗಿನ್ ಆಗದವರಿಗೆ ತಾನಾಗಿ ಸಿಗುವ ತಾತ್ಕಾಲಿಕ ಖಾತೆಗಳು ಬಂದ ಮೇಲೆ ಅದೇ ಫೋನು, ಅದೇ ಬ್ರೌಸರ್ ಇದ್ದರೆ 90 ದಿನದವರೆಗೆ ಸಂದೇಶ ಅವರಿಗೇ ಹೋಗುತ್ತದೆ. ಹಾಗಾಗಿ ಈಗ ಅವರಿಗೂ ಪಿಂಗ್ ಮಾಡುತ್ತೇನೆ.

ಸಾಗಿಸಲು ಆಗದವೂ ಇವೆ. "ಗೂಗಲ್‌ನಲ್ಲಿ ನನ್ನ ಫೋಟೋ ತಪ್ಪು ಬರುತ್ತಿದೆ" ಎಂಬುದು ಅದರಲ್ಲಿ ಮುಖ್ಯ. ಲೇಖನದಲ್ಲಿ ಆ ಫೋಟೋ ಇರುವುದೇ ಇಲ್ಲ. ಗೂಗಲ್‌ನ ಆ ಪೆಟ್ಟಿಗೆಯಲ್ಲೇ ಫೀಡ್‌ಬ್ಯಾಕ್ ಕೊಂಡಿ ಇದೆ ಎಂದು ತೋರಿಸಿ ಮುಚ್ಚುತ್ತೇನೆ. ಬದುಕಿರುವ ವ್ಯಕ್ತಿಯ ಸಾವಿನ ಸುಳ್ಳು ಸುದ್ದಿಯ ಬಗ್ಗೆ ಬಂದರೆ ಸಾಗಿಸುತ್ತಾ ಕೂರುವುದಿಲ್ಲ, ನೇರ ಲೇಖನಕ್ಕೆ ಹೋಗಿ ತೆಗೆದು ಆಮೇಲೆ ಉತ್ತರ.

ಹೆಸರೇ ಇಲ್ಲದ ಕೋರಿಕೆಯ ಲೇಖನ ಹೇಗೆ ಹುಡುಕುತ್ತೀರಿ ಎಂದು ಎಲ್ಲರೂ ಕೇಳುತ್ತಾರೆ. ಬಿದ್ದ ಪುಟ ನೋಡುವುದು, ಆ ದಿನ ಯಾವ ಪುಟವನ್ನು ಎಷ್ಟು ಸಲ ತೆರೆದಿದ್ದಾರೆ ಎಂಬ ಪುಟವೀಕ್ಷಣೆ ಲೆಕ್ಕ ನೋಡುವುದು, ಇಷ್ಟು ಹೇಳುತ್ತೇನೆ. ಹುಡುಕಾಟದಲ್ಲಿ ನಾನು ಬಳಸುವ ಸಾಲು, ಮತ್ತು ಹಣ ಪಡೆದು ಬರೆಯುವವರ ಕೋರಿಕೆಯನ್ನು ಮೊದಲ ಓದಿಗೇ ಗುರುತಿಸುವ ಎರಡು ಲಕ್ಷಣ, ಇವನ್ನು ಇಲ್ಲಿ ಬರೆಯುವುದಿಲ್ಲ. ಅಂಥವರೂ ಓದುತ್ತಾರೆ. ನಿಯಮಿತವಾಗಿ ಕೆಲಸ ಮಾಡುವವರು ಇಮೇಲ್ ಮಾಡಿ, ಕಳಿಸುತ್ತೇನೆ.

ಈಗಿನ ಲೆಕ್ಕ ಅಂದಾಜಿನದು. ತಪ್ಪು ಪುಟಕ್ಕೆ ಬಿದ್ದ ಹತ್ತರಲ್ಲಿ ಆರೇಳಕ್ಕೆ ಹೌದು ಅಥವಾ ಇಲ್ಲ ಎಂಬ ನಿಜವಾದ ಉತ್ತರ ಸಿಗುತ್ತಿದೆ. ಒಂದಕ್ಕೆ ಏಳೆಂಟು ನಿಮಿಷ ಹಿಡಿಯುತ್ತದೆ. 'ಮಿಸ್' ಒತ್ತಲು ಹತ್ತು ಸೆಕೆಂಡ್ ಸಾಕು, ನಿಜ. ಕೂಡ್ಲಿಗಿ ಮತ್ತು ಕೊಟ್ಟೂರು ತಾಲ್ಲೂಕಿನ ಹಳ್ಳಿಗಳ ಲೇಖನಗಳು ಇನ್ನೂ ತುಂಬಾ ಬಾಕಿ ಇವೆ, ಹಳೆಯ ಜಿಲ್ಲೆಯ ಹೆಸರೇ ಇದೆ. ಆ ಕಡೆಯವರು ಯಾರಾದರೂ ಒಂದೊಂದು ಹೋಬಳಿ ಹಂಚಿಕೊಂಡರೆ ದೀಪಾವಳಿಯೊಳಗೆ ಮುಗಿಸಬಹುದು. ಪಟ್ಟಿ ವಿಕಿಯಲ್ಲಿ ನನ್ನ ಖಾತೆಯ ಪ್ರಯೋಗಪುಟದಲ್ಲಿದೆ.