ಕೇಪರ್ ಹಾಕುವ ದಿನ ಉಪ್ಪಿನ ಡಬ್ಬಿ ದೂರ

ಕೇಪರ್ ಬಳಸುವ ಅಡುಗೆಯಲ್ಲಿ ಕೊನೆಯವರೆಗೂ ನಾನು ಉಪ್ಪು ಹಾಕುವುದಿಲ್ಲ. ಮೆಡಿಟರೇನಿಯನ್ ತೀರದ ಮುಳ್ಳುಪೊದೆಯೊಂದರ ಅರಳದ ಮೊಗ್ಗು ಇದು. ಹಸಿಯಾಗಿ ತಿನ್ನಲಾಗದಷ್ಟು ಕಹಿ. ಉಪ್ಪಿನಲ್ಲಿ ನೆನೆದು ಹದಕ್ಕೆ ಬಂದಾಗ ಕಹಿ ಇಳಿದು, ಸಾಸಿವೆಯಂಥ ಘಾಟು ಏಳುತ್ತದೆ. ಸಾಸಿವೆಗೆ ಖಾರ ಕೊಡುವ ಗಂಧಕದ ಸಂಯುಕ್ತಗಳ ಬಳಗವೇ ಇಲ್ಲಿಯೂ ಇದೆ.

ವಿನೆಗರ್‌ನಲ್ಲಿಟ್ಟದ್ದಕ್ಕಿಂತ ಒಣ ಉಪ್ಪಿನಲ್ಲಿಟ್ಟ ಕೇಪರ್ ನನಗೆ ಮೆಚ್ಚು. ಇಟಲಿಯ ಪಂಟೆಲ್ಲೆರಿಯಾ ದ್ವೀಪದ್ದು ಹೀಗೆ ಉಪ್ಪಿನಲ್ಲೇ ಬರುತ್ತದೆ. ಇದರಲ್ಲಿ ಹುಳಿಯ ಅಬ್ಬರವಿಲ್ಲ, ಹೂವಿನ ಪರಿಮಳ ಉಳಿದಿರುತ್ತದೆ. ಉಪ್ಪು ಕೊಡವಿ, ತೊಳೆದು, ಅರ್ಧ ಗಂಟೆ ತಣ್ಣೀರಿನಲ್ಲಿ ನೆನೆಸುತ್ತೇನೆ. ನಡುವೆ ನೀರು ಬದಲಿಸುತ್ತೇನೆ. ಆಮೇಲೆ ಒಂದನ್ನು ಕಚ್ಚಿ ನೋಡಬೇಕು. ನಾಲಿಗೆಗೆ ಉಪ್ಪೇ ಮೊದಲು ತಗುಲಿದರೆ ಇನ್ನಷ್ಟು ಹೊತ್ತು ನೀರಿನಲ್ಲಿರಲಿ.

ನನಗೆ ಅತ್ಯಂತ ಇಷ್ಟವಾದದ್ದು ಹುರಿದ ಕೇಪರ್. ಬಟ್ಟೆಯಲ್ಲಿ ಒತ್ತಿ ಪೂರ್ತಿ ಒಣಗಿಸಲೇಬೇಕು, ತೇವವಿದ್ದರೆ ಎಣ್ಣೆ ಮುಖಕ್ಕೇ ಸಿಡಿಯುತ್ತದೆ. ಬಿಸಿ ಆಲಿವ್ ಎಣ್ಣೆಗೆ ಬಿದ್ದ ಮೊಗ್ಗು ಮೆಲ್ಲಗೆ ಎಸಳು ಬಿಚ್ಚುತ್ತದೆ, ಅಂಚು ಕಂದಾಗುತ್ತದೆ. ಗುಳ್ಳೆಗಳ ಸದ್ದು ಅಡಗುತ್ತಿದ್ದಂತೆ ತೆಗೆದುಬಿಡುತ್ತೇನೆ. ಬೇಯಿಸಿದ ಆಲೂಗಡ್ಡೆಯ ಮೇಲೆ ಇದನ್ನು ಉದುರಿಸಿದರೆ ಬೇರೇನೂ ಬೇಡ! ಟೊಮೆಟೊ ಸಾಸ್‌ಗಾಗಲಿ, ಮೀನಿನ ಮೇಲೆ ಸುರಿಯುವ ಬೆಣ್ಣೆ-ನಿಂಬೆರಸಕ್ಕಾಗಲಿ ಹುರಿಯದ ಕೇಪರನ್ನು ಒಲೆ ಆರಿಸುವ ಮುನ್ನ ಸೇರಿಸುತ್ತೇನೆ. ಬಹಳ ಹೊತ್ತು ಕುದಿಸಿದರೆ ಪರಿಮಳ ಆವಿಯಾಗಿ, ಬರಿಯ ಉಪ್ಪು ಉಳಿಯುತ್ತದೆ.

ಪೋಷಕಾಂಶದ ಲೆಕ್ಕಕ್ಕೆ ಬಂದರೆ, 100 ಗ್ರಾಂ ಕೇಪರ್‌ನಲ್ಲಿ ಸುಮಾರು 23 ಕ್ಯಾಲೊರಿ, 3 ಗ್ರಾಂ ನಾರು, ಒಂದಿಷ್ಟು ಕೆ ವಿಟಮಿನ್ ಇವೆ. ಆದರೆ ಯಾರೂ 100 ಗ್ರಾಂ ತಿನ್ನುವುದಿಲ್ಲ. ಒಂದು ದೊಡ್ಡ ಚಮಚ ಎಂದರೆ 10 ಗ್ರಾಂಗಿಂತ ಕಡಿಮೆ. ವಿಟಮಿನ್‌ಗಾಗಿ ಕೇಪರ್ ತಿನ್ನಿ ಎನ್ನುವ ಮಾತನ್ನು ಹಾಗಾಗಿ ನಾನು ಒಪ್ಪುವುದಿಲ್ಲ. ಕ್ವೆರ್ಸೆಟಿನ್ ಎಂಬ ಉತ್ಕರ್ಷಣ ನಿರೋಧಕ (ಆ್ಯಂಟಿಆಕ್ಸಿಡೆಂಟ್) ಅತಿ ಹೆಚ್ಚಿರುವ ಆಹಾರಗಳಲ್ಲಿ ಇದೂ ಒಂದು ಎನ್ನುವುದು ನಿಜ. ಅಷ್ಟೇ ನಿಜವಾದದ್ದು ಸೋಡಿಯಂ: ಉಪ್ಪುನೀರಿನಿಂದ ಬಸಿದು ತೆಗೆದ, ನೆನೆಸದ ಒಂದು ದೊಡ್ಡ ಚಮಚ ಕೇಪರ್‌ನಲ್ಲಿ ಸುಮಾರು 200 ಮಿಲಿಗ್ರಾಂ. ವಯಸ್ಕರಿಗೆ ದಿನಕ್ಕೆ 2 ಗ್ರಾಂ ಸೋಡಿಯಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ ಹತ್ತನೇ ಒಂದು ಭಾಗ ಈ ಚಮಚದಲ್ಲೇ ಮುಗಿಯಿತು. ರಕ್ತದೊತ್ತಡ ಇರುವವರಿಗೆ ಬಡಿಸುವಾಗ ನಾನು ಇನ್ನೂ ಹೆಚ್ಚು ಹೊತ್ತು ನೆನೆಸಿ, ಸಣ್ಣಗೆ ಕೊಚ್ಚಿ ಹಾಕುತ್ತೇನೆ. ಆಗ ಅರ್ಧ ಚಮಚವೇ ಇಡೀ ತಟ್ಟೆಗೆ ಸಾಕಾಗುತ್ತದೆ.