ಜಿಎಲ್2 ಕ್ಯಾರೆಕ್ಟರ್ ಟೇಬಲ್: ಕೈಯಾರೆ ಕಟ್ಟಿದ ಅನುಭವ

ರೆಪ್ರಸೆಂಟೇಶನ್ ಥಿಯರಿ ಎಲ್ಲಿಂದ ಶುರು ಮಾಡಲಿ ಎಂದು ಎಂ.ಎಸ್ಸಿ. ಹುಡುಗರು ಕೇಳಿದಾಗಲೆಲ್ಲ ನಾನು ಹೇಳುವುದು ಒಂದೇ. ಒಂದು ಸಣ್ಣ ಅವಿಭಾಜ್ಯ ಸಂಖ್ಯೆ ಹಿಡಿಯಿರಿ. ಆ ಸಂಖ್ಯೆಯ ಮಾಡ್ಯುಲೋದಲ್ಲಿ ಇನ್ವರ್ಸ್ ಇರುವ 2×2 ಮ್ಯಾಟ್ರಿಕ್ಸ್‌ಗಳನ್ನೆಲ್ಲ ತೆಗೆದುಕೊಳ್ಳಿ. ಜಿಎಲ್2 ಎನ್ನುವುದು ಇದಕ್ಕೇ. ಆ ಗ್ರೂಪಿನ ಕ್ಯಾರೆಕ್ಟರ್ ಟೇಬಲನ್ನು ಯಾರ ಸಹಾಯವೂ ಇಲ್ಲದೆ ಕಟ್ಟಿ. ನಾನು ಕಲಿತದ್ದು ಹಾಗೆಯೇ. ಈಗ ಕಲಿಸುವುದೂ ಹಾಗೆಯೇ.

ಜನರಲ್ ಲೀನಿಯರ್ ಗ್ರೂಪ್ ಎಂದರೆ ಬಹಳ ಜನ ಕಾಂಪ್ಲೆಕ್ಸ್ ಸಂಖ್ಯೆಗಳ ಗ್ರೂಪಿನಿಂದ ಶುರು ಮಾಡುತ್ತಾರೆ. ಅದು ಇಸಾಯ್ ಶೂರ್ 1901ರಲ್ಲಿ ಬರ್ಲಿನ್‌ನಲ್ಲಿ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಹಾಕಿಕೊಟ್ಟ ದಾರಿ. ಸೊಗಸಾದ ದಾರಿಯೇ, ಅನುಮಾನವಿಲ್ಲ. ಆದರೆ ಅಲ್ಲಿ ಗ್ರೂಪು ಅನಂತ. ರೆಪ್ರಸೆಂಟೇಶನ್‌ಗಳೆಲ್ಲಾ ಸಿಕ್ಕವೋ ಇಲ್ಲವೋ ಎಂದು ಎಣಿಸಿ ನೋಡುವಂತಿಲ್ಲ. ಫೈನೈಟ್ ಫೀಲ್ಡಿನ ಮೇಲೆ, ಅಂದರೆ ಮೇಲೆ ಹೇಳಿದ ಮಾಡ್ಯುಲೋ ಸಂಖ್ಯೆಗಳ ಮೇಲೆ, ಆ ಕಷ್ಟವಿಲ್ಲ. ದಿನದ ಕೊನೆಗೆ ಅಂಗಡಿಯ ಗಲ್ಲಾ ಎಣಿಸಿದ ಹಾಗೆ ಕೂಡಿಸಿ ನೋಡಬಹುದು. ತಾಳೆ ಆಗಲಿಲ್ಲ ಅಂದರೆ ಏನೋ ಬಿಟ್ಟುಹೋಗಿದೆ ಎಂದು ತಕ್ಷಣ ಗೊತ್ತಾಗುತ್ತದೆ.

ಅವಿಭಾಜ್ಯ ಸಂಖ್ಯೆಯನ್ನು ಕ್ಯೂ ಎನ್ನೋಣ. ಮ್ಯಾಟ್ರಿಕ್ಸಿನ ಮೊದಲ ಕಾಲಂ ಸೊನ್ನೆ ಬಿಟ್ಟು ಏನು ಬೇಕಾದರೂ ಇರಬಹುದು: ಕ್ಯೂ²−1 ಆಯ್ಕೆ. ಎರಡನೆಯದು ಮೊದಲನೆಯದರ ಗುಣಕ ಆಗಬಾರದು: ಕ್ಯೂ²−ಕ್ಯೂ ಆಯ್ಕೆ. ಗುಣಿಸಿದರೆ ಗ್ರೂಪಿನ ಗಾತ್ರ ಬಂತು. ಕ್ಯೂ 2 ಆದರೆ 6, 3 ಆದರೆ 48, 5 ಆದರೆ 480.

ಈ ಗ್ರೂಪಿನ ಒಂದೊಂದು ಸದಸ್ಯನಿಗೂ ಕಾಂಪ್ಲೆಕ್ಸ್ ಸಂಖ್ಯೆಗಳ ಒಂದೊಂದು ಮ್ಯಾಟ್ರಿಕ್ಸ್ ಕೊಡಬೇಕು, ಗುಣಾಕಾರ ಕೆಡದ ಹಾಗೆ. ಅದೇ ರೆಪ್ರಸೆಂಟೇಶನ್. "ಮ್ಯಾಟ್ರಿಕ್ಸಿಗೆ ಮತ್ತೆ ಮ್ಯಾಟ್ರಿಕ್ಸಾ ಸರ್?" ಎಂದು ಪ್ರತಿ ವರ್ಷ ಯಾರಾದರೂ ಕೇಳಿಯೇ ಕೇಳುತ್ತಾರೆ. ಹೌದು, ಆದರೆ ಒಳಗಿರುವ ಸಂಖ್ಯೆಗಳು ಬೇರೆ ಲೋಕದವು, ಗಾತ್ರವೂ ಬೇರೆ. ಆ ಎರಡನೇ ಮ್ಯಾಟ್ರಿಕ್ಸಿನ ಗಾತ್ರವೇ ಡೈಮೆನ್ಶನ್. ಅದರ ಟ್ರೇಸ್ (ಡಯಾಗನಲ್ ಮೇಲಿನ ಸಂಖ್ಯೆಗಳ ಮೊತ್ತ) ಬರೆದಿಟ್ಟರೆ ಕ್ಯಾರೆಕ್ಟರ್. ಅವುಗಳ ಪಟ್ಟಿಯೇ ಕ್ಯಾರೆಕ್ಟರ್ ಟೇಬಲ್. ಮುಂದಿನ ಕೆಲಸಕ್ಕೆ ಎರಡು ನಿಯಮ ಸಾಕು. ಇರ್ರೆಡ್ಯೂಸಿಬಲ್‌ಗಳು (ಇನ್ನೂ ಚಿಕ್ಕದಾಗಿ ಒಡೆಯಲಾಗದ ರೆಪ್ರಸೆಂಟೇಶನ್‌ಗಳು) ಎಷ್ಟಿವೆಯೋ ಕಾಂಜುಗೆಸಿ ಕ್ಲಾಸ್‌ಗಳೂ (ಬೇಸಿಸ್ ಬದಲಿಸಿದರೆ ಒಂದೇ ಆಗುವ ಮ್ಯಾಟ್ರಿಕ್ಸ್‌ಗಳ ಗುಂಪುಗಳು) ಅಷ್ಟೇ. ಇರ್ರೆಡ್ಯೂಸಿಬಲ್‌ಗಳ ಡೈಮೆನ್ಶನ್‌ಗಳ ವರ್ಗ ಕೂಡಿಸಿದರೆ ಗ್ರೂಪಿನ ಗಾತ್ರ. ಎರಡೂ ಜರ್ಮನ್ ಗಣಿತಜ್ಞ ಫ್ರೊಬೀನಿಯಸ್ ಕಾಲದವು. 1896ರಲ್ಲಿ ಡೆಡೆಕಿಂಡ್ ಬರೆದ ಪತ್ರಗಳಿಂದ ಅವರಿಗೆ ಈ ಹುಚ್ಚು ಹಿಡಿಯಿತು.

ಮೊದಲು ಕ್ಲಾಸ್‌ಗಳು. ಇದಕ್ಕೆ ಡಿಗ್ರಿಯಲ್ಲಿ ಓದಿದ ಐಗನ್‌ವ್ಯಾಲ್ಯೂ ಸಾಕು. ಸ್ಕೇಲರ್ ಮ್ಯಾಟ್ರಿಕ್ಸ್‌ಗಳು: ಕ್ಯೂ−1 ಕ್ಲಾಸ್. ಒಂದೇ ಐಗನ್‌ವ್ಯಾಲ್ಯೂ ಇದ್ದು ಡಯಾಗನಲ್ ಆಗದ ಜೋರ್ಡಾನ್ ಜಾತಿಯವು: ಇನ್ನು ಕ್ಯೂ−1. ಎರಡು ಬೇರೆ ಬೇರೆ ಐಗನ್‌ವ್ಯಾಲ್ಯೂ ಇರುವವು: (ಕ್ಯೂ−1)(ಕ್ಯೂ−2)/2. ಕೊನೆಗೆ, ನಮ್ಮ ಫೀಲ್ಡಿನೊಳಗೆ ಐಗನ್‌ವ್ಯಾಲ್ಯೂವೇ ಸಿಗದವು. ಅವುಗಳ ಕ್ಯಾರೆಕ್ಟರಿಸ್ಟಿಕ್ ಪಾಲಿನಾಮಿಯಲ್ ಒಡೆಯುವುದಿಲ್ಲ, ಬೇರುಗಳಿಗೆ ಕ್ಯೂ² ಗಾತ್ರದ ದೊಡ್ಡ ಫೀಲ್ಡಿಗೆ ಹೋಗಬೇಕು. ಅಂಥ ಎಲಿಪ್ಟಿಕ್ ಕ್ಲಾಸ್‌ಗಳು ಕ್ಯೂ(ಕ್ಯೂ−1)/2. ಒಟ್ಟು ಕೂಡಿಸಿದರೆ ಅಚ್ಚುಕಟ್ಟಾಗಿ ಕ್ಯೂ²−1. ಈ ನಾಲ್ಕು ಸಾಲನ್ನು ಹಾಳೆಯ ಎಡಗಡೆ ದೊಡ್ಡದಾಗಿ ಬರೆದಿಡಿ. ಬಲಗಡೆ ಖಾಲಿ ಬಿಡಿ. ಅಲ್ಲಿ ರೆಪ್ರಸೆಂಟೇಶನ್‌ಗಳು ಬಂದು ಕೂರುತ್ತವೆ.

ಒಂದು ಡೈಮೆನ್ಶನ್‌ನವು ಸುಲಭ. ಡಿಟರ್ಮಿನಂಟ್ ತೆಗೆದು ಅದರ ಮೇಲೆ ಒಂದು ಕ್ಯಾರೆಕ್ಟರ್ (ಇಲ್ಲಿ, ಸೊನ್ನೆಯಲ್ಲದ ಸಂಖ್ಯೆಗಳಿಗೆ ಗುಣಾಕಾರ ಕೆಡದ ಹಾಗೆ ಒಂದೊಂದು ಕಾಂಪ್ಲೆಕ್ಸ್ ಸಂಖ್ಯೆ ಕೊಡುವ ನಿಯಮ) ಹಾಕುವುದು, ಅಷ್ಟೇ. ಅವು ಕ್ಯೂ−1.

ಆಮೇಲೆ ಮೇಲ್ತ್ರಿಕೋನ ಮ್ಯಾಟ್ರಿಕ್ಸ್‌ಗಳ ಸಬ್‌ಗ್ರೂಪಿನಿಂದ ಇಂಡ್ಯೂಸ್ ಮಾಡುವುದು, ಅಂದರೆ ಸಬ್‌ಗ್ರೂಪಿನ ರೆಪ್ರಸೆಂಟೇಶನನ್ನು ಇಡೀ ಗ್ರೂಪಿಗೆ ಏರಿಸುವುದು. ಆ ಸಬ್‌ಗ್ರೂಪಿಗೆ ಬೊರೆಲ್ ಎಂದು ಹೆಸರು. ಅಲ್ಲಿ ಡಯಾಗನಲ್ ಮೇಲೆ ಇರುವ ಎರಡು ಸಂಖ್ಯೆಗಳಿಗೆ ಒಂದೊಂದು ಕ್ಯಾರೆಕ್ಟರ್ ಕೊಟ್ಟು ಇಡೀ ಗ್ರೂಪಿಗೆ ಏರಿಸಿದರೆ ಸಿಗುವುದು ಕ್ಯೂ+1 ಡೈಮೆನ್ಶನ್. ಕ್ಯೂ+1 ಯಾಕೆ? ಸಮತಲದಲ್ಲಿ ಮೂಲಬಿಂದುವಿನ ಮೂಲಕ ಹಾದುಹೋಗುವ ಗೆರೆಗಳು ಅಷ್ಟೇ ಇವೆ. ಕ್ಯೂ 3 ಆದರೆ 4 ಗೆರೆ. ನಾನು ಈ ನಾಲ್ಕನ್ನೂ ಬೋರ್ಡಿನ ಮೇಲೆ ಬರೆಸಿ, ಮ್ಯಾಟ್ರಿಕ್ಸ್‌ಗಳು ಅವನ್ನು ಹೇಗೆ ಅದಲುಬದಲು ಮಾಡುತ್ತವೆ ಎಂದು ಹುಡುಗರಿಂದಲೇ ಮಾಡಿಸುತ್ತೇನೆ. 48 ಮ್ಯಾಟ್ರಿಕ್ಸ್‌ಗಳಿಂದ ನಾಲ್ಕು ಗೆರೆಗಳ ಎಲ್ಲಾ 24 ಪರ್ಮ್ಯುಟೇಶನ್‌ಗಳೂ ಬರುತ್ತವೆ. ಪ್ಲಸ್-ಮೈನಸ್ ಚಿಹ್ನೆ ಮಾತ್ರ ಬದಲಾದ ಎರಡೆರಡು ಮ್ಯಾಟ್ರಿಕ್ಸ್ ಒಂದೇ ಕೆಲಸ ಮಾಡುತ್ತವೆ. ಹಾಗಾಗಿ ಎಸ್4ರ (ನಾಲ್ಕು ವಸ್ತುಗಳ ಪರ್ಮ್ಯುಟೇಶನ್ ಗ್ರೂಪಿನ) ಪರಿಚಿತ ಟೇಬಲ್ ಪೂರ್ತಿಯಾಗಿ ಇದರೊಳಗೆ ಬಂದು ಕೂರುತ್ತದೆ.

ಕೊಟ್ಟ ಎರಡು ಕ್ಯಾರೆಕ್ಟರ್‌ಗಳು ಬೇರೆ ಬೇರೆ ಇದ್ದರೆ ಇಂಡ್ಯೂಸ್ ಆದದ್ದು ಇರ್ರೆಡ್ಯೂಸಿಬಲ್. ಒಂದೇ ಇದ್ದರೆ ಎರಡಾಗಿ ಒಡೆಯುತ್ತದೆ: ಒಂದು ಡೈಮೆನ್ಶನ್‌ನದು, ಕ್ಯೂ ಡೈಮೆನ್ಶನ್‌ನದು. ಈ ಎರಡನೆಯದಕ್ಕೆ ಸ್ಟೈನ್‌ಬರ್ಗ್ ಎಂದು ಹೆಸರು. ಎರಡೇ ಯಾಕೆ, ಮೂರು ಯಾಕಲ್ಲ? ಬೊರೆಲ್ ಸಬ್‌ಗ್ರೂಪಿನ ಡಬಲ್ ಕೋಸೆಟ್‌ಗಳು ಎರಡೇ ಇರುವುದರಿಂದ. ಅಂದರೆ, ಎರಡು ಗೆರೆಗಳನ್ನು ಹಿಡಿದರೆ ಅವು ಒಂದೇ ಆಗಿರಬೇಕು, ಇಲ್ಲ ಬೇರೆ ಆಗಿರಬೇಕು, ಮೂರನೇ ಸಾಧ್ಯತೆ ಇಲ್ಲ. ಬ್ರುಹಾ ಡೀಕಾಂಪೊಸಿಶನ್ ಎಂಬ ದೊಡ್ಡ ಹೆಸರಿನ ಹಿಂದೆ ಇಲ್ಲಿ ಇರುವುದು ಇಷ್ಟೇ.

ಈಗ ಲೆಕ್ಕ ಹಾಕೋಣ, ಕ್ಯೂ 3 ಇಟ್ಟುಕೊಂಡು. ಒಂದು ಡೈಮೆನ್ಶನ್‌ನವು 2, ಮೂರು ಡೈಮೆನ್ಶನ್‌ನವು 2, ನಾಲ್ಕು ಡೈಮೆನ್ಶನ್‌ನದು 1. ವರ್ಗಗಳ ಮೊತ್ತ 2+18+16, ಅಂದರೆ 36. ಬೇಕಾದದ್ದು 48. ಕ್ಲಾಸ್‌ಗಳು ಎಂಟು, ಸಿಕ್ಕಿದ್ದು ಐದು. ಇನ್ನೂ ಮೂರು ಎಲ್ಲೋ ಇವೆ, ಅವುಗಳ ವರ್ಗ ಕೂಡಿಸಿದರೆ 12 ಆಗಬೇಕು. ಮೂರು ವರ್ಗ ಸೇರಿ 12 ಆಗುವುದು ಒಂದೇ ರೀತಿಯಲ್ಲಿ: 4+4+4. ಅಂದರೆ ಮೂರೂ ಎರಡು ಡೈಮೆನ್ಶನ್‌ನವು. ಇನ್ನೂ ಕಣ್ಣಿಗೆ ಬೀಳದ ವಸ್ತುವಿನ ಅಳತೆ ಆಗಲೇ ಗೊತ್ತಾಗಿಬಿಟ್ಟಿತು. ನನ್ನ ಮಟ್ಟಿಗೆ ಇಡೀ ವಿಷಯದ ರುಚಿ ಇರುವುದು ಇಲ್ಲೇ.

ಯಾವುದೇ ಕ್ಯೂ ಇಟ್ಟರೂ ಇದೇ ಕಥೆ. ಸಿಗದೆ ಉಳಿದವು ಕ್ಯೂ(ಕ್ಯೂ−1)/2. ಉಳಿದ ವರ್ಗಮೊತ್ತವನ್ನು ಬಿಡಿಸಿದರೆ ಕ್ಯೂ(ಕ್ಯೂ−1)³/2. ಭಾಗಿಸಿದರೆ ಸರಾಸರಿ (ಕ್ಯೂ−1)². ಎಲ್ಲದಕ್ಕೂ ಡೈಮೆನ್ಶನ್ ಕ್ಯೂ−1 ಇರಬಹುದು ಎಂದು ಊಹಿಸುವುದು ಕಷ್ಟವಲ್ಲ. ಅವೇ ಕಸ್ಪಿಡಲ್ ರೆಪ್ರಸೆಂಟೇಶನ್‌ಗಳು. ಬೊರೆಲ್‌ನಿಂದ ಏರಿಸಿದ ಯಾವುದರೊಳಗೂ ಅವು ಸಿಗುವುದಿಲ್ಲ.

ಹಾಳೆಯ ಎಡಗಡೆ ನೋಡಿ. ಎಲಿಪ್ಟಿಕ್ ಕ್ಲಾಸ್‌ಗಳೂ ಅಷ್ಟೇ ಇದ್ದವು, ಅಲ್ವಾ? ಅವು ಹುಟ್ಟಿದ್ದು ಕ್ಯೂ² ಗಾತ್ರದ ಫೀಲ್ಡಿನಿಂದ. ಹಾಗಾದರೆ ಕಾಣೆಯಾದವರನ್ನೂ ಅಲ್ಲೇ ಹುಡುಕೋಣ. ಆ ಫೀಲ್ಡಿನ ಸೊನ್ನೆಯಲ್ಲದ ಸಂಖ್ಯೆಗಳು ಕ್ಯೂ²−1 ಗಾತ್ರದ ಸೈಕ್ಲಿಕ್ ಗ್ರೂಪ್. ಅದರ ಒಂದು ಕ್ಯಾರೆಕ್ಟರನ್ನು ಥೀಟಾ ಎನ್ನೋಣ. ಥೀಟಾ ತನ್ನ ಕ್ಯೂ ಘಾತಕ್ಕೆ ಸಮ ಆಗದೇ ಇದ್ದರೆ ಮಾತ್ರ ಇಟ್ಟುಕೊಳ್ಳಿ. ಅಂಥವು ಕ್ಯೂ²−ಕ್ಯೂ ಇವೆ. ಥೀಟಾ ಮತ್ತು ಅದರ ಕ್ಯೂ ಘಾತವನ್ನು ಜೋಡಿ ಮಾಡಿದರೆ ಕ್ಯೂ(ಕ್ಯೂ−1)/2 ಜೋಡಿ. ಸರಿಯಾಗಿ ಬೇಕಾದಷ್ಟೇ.

ಕಟ್ಟುವುದು ಹೇಗೆ? ಎಲಿಪ್ಟಿಕ್ ಟೋರಸ್‌ನಿಂದ (ಆ ಸೈಕ್ಲಿಕ್ ಗ್ರೂಪೇ 2×2 ಮ್ಯಾಟ್ರಿಕ್ಸ್‌ಗಳಾಗಿ ನಮ್ಮ ಗ್ರೂಪಿನೊಳಗೆ ಕೂತದ್ದು) ಥೀಟಾವನ್ನು ನೇರವಾಗಿ ಇಂಡ್ಯೂಸ್ ಮಾಡಿದರೆ ಡೈಮೆನ್ಶನ್ ಕ್ಯೂ(ಕ್ಯೂ−1). ತೀರಾ ದೊಡ್ಡದಾಯಿತು. ನಾನು ಮಾಡಿದ್ದು ಕಳೆಯುವ ಲೆಕ್ಕ. ಸ್ಕೇಲರ್‌ಗಳ ಮೇಲೆ ಥೀಟಾ ಏನಾಗುತ್ತದೋ ಅದನ್ನು ಮೊದಲ ಐಗನ್‌ವ್ಯಾಲ್ಯೂವಿಗೆ ಕೊಟ್ಟು ಬೊರೆಲ್‌ನಿಂದ ಏರಿಸಿದ ಕ್ಯೂ+1 ಡೈಮೆನ್ಶನ್‌ನದನ್ನು ತೆಗೆದುಕೊಳ್ಳಿ. ಅದನ್ನು ಸ್ಟೈನ್‌ಬರ್ಗ್‌ನಿಂದ ಗುಣಿಸಿ. ಬಂದದ್ದರಿಂದ ಅದನ್ನೇ ಒಂದು ಸಲ ಕಳೆಯಿರಿ. ಆಮೇಲೆ ಟೋರಸ್‌ನಿಂದ ಬಂದ ದೊಡ್ಡದನ್ನೂ ಕಳೆಯಿರಿ. ಡೈಮೆನ್ಶನ್ ನೋಡಿ: ಕ್ಯೂ(ಕ್ಯೂ+1) − (ಕ್ಯೂ+1) − ಕ್ಯೂ(ಕ್ಯೂ−1). ಉಳಿಯುವುದು ಕ್ಯೂ−1!

ಉಳಿದ ಫಂಕ್ಷನ್‌ನ ಬೆಲೆಗಳು ಹೀಗೆ. ಸ್ಕೇಲರ್ ಮೇಲೆ (ಕ್ಯೂ−1) ಗುಣಿಸು ಥೀಟಾ. ಜೋರ್ಡಾನ್ ಮೇಲೆ ಮೈನಸ್ ಥೀಟಾ. ಎರಡು ಐಗನ್‌ವ್ಯಾಲ್ಯೂ ಇರುವಲ್ಲಿ ಸೊನ್ನೆ. ಎಲಿಪ್ಟಿಕ್ ಮೇಲೆ ಥೀಟಾ ಮತ್ತು ಅದರ ಕ್ಯೂ ಘಾತ ಎರಡನ್ನೂ ಕೂಡಿಸಿ ಮೈನಸ್ ಹಾಕಿದ್ದು. ಕಳೆದು ಬಂದದ್ದು ನಿಜವಾದ ಕ್ಯಾರೆಕ್ಟರೇ ಎಂದು ನಂಬಲು ಅದರ ನಾರ್ಮ್ (ಇಡೀ ಗ್ರೂಪಿನ ಮೇಲೆ ಬೆಲೆಗಳ ಪರಿಮಾಣದ ವರ್ಗದ ಸರಾಸರಿ) 1 ಬರಬೇಕು. ಈ ಲೆಕ್ಕವನ್ನು ಮಾತ್ರ ಯಾರೂ ಹಾರಿಸಬೇಡಿ. ಎಲಿಪ್ಟಿಕ್ ಕ್ಲಾಸ್‌ಗಳ ಮೇಲೆ ಕೂಡಿಸುವಾಗ ಥೀಟಾ ತನ್ನ ಕ್ಯೂ ಘಾತಕ್ಕೆ ಸಮ ಅಲ್ಲ ಎಂಬ ಷರತ್ತು ಬಂದು ನಿಂತುಕೊಳ್ಳುತ್ತದೆ. ಅದಿಲ್ಲದಿದ್ದರೆ ಲೆಕ್ಕ 1ಕ್ಕೆ ಬರುವುದಿಲ್ಲ. ಷರತ್ತು ಯಾಕೆ ಹಾಕಿದ್ದು ಎಂದು ಅಲ್ಲಿ ಅರ್ಥವಾದಷ್ಟು ಚೆನ್ನಾಗಿ ಇನ್ನೆಲ್ಲೂ ಆಗುವುದಿಲ್ಲ. ನಾರ್ಮ್ 1, ಡೈಮೆನ್ಶನ್ ಧನಾತ್ಮಕ: ಕೆಲಸ ಮುಗಿಯಿತು.

1907ರಲ್ಲಿ ಶೂರ್ ಮತ್ತು ಹರ್ಬರ್ಟ್ ಜೋರ್ಡಾನ್ ಬೇರೆ ಬೇರೆಯಾಗಿ ಈ ಟೇಬಲ್‌ಗಳನ್ನು ಕಂಡುಕೊಂಡರು. ಎಷ್ಟೇ ದೊಡ್ಡ ಮ್ಯಾಟ್ರಿಕ್ಸಿಗೂ ಉತ್ತರ ಸಿಕ್ಕಿದ್ದು 1955ರಲ್ಲಿ, ಜೆ. ಎ. ಗ್ರೀನ್ ಅವರಿಂದ. ಆಗಲೂ ಕಳೆದುಬಂದ ಈ ಮೈನಸ್ ಚಿಹ್ನೆಗಳಿಗೆ ಜ್ಯಾಮಿತಿಯ ಕಾರಣ ಯಾರ ಹತ್ತಿರವೂ ಇರಲಿಲ್ಲ. ಎಕ್ಸ್ ಗುಣಿಸು ವೈ ಘಾತ ಕ್ಯೂ, ಅದರಿಂದ ಎಕ್ಸ್ ಘಾತ ಕ್ಯೂ ಗುಣಿಸು ವೈ ಕಳೆದರೆ 1: ಈ ಸಮೀಕರಣದ ವಕ್ರರೇಖೆಯ ಕೊಹೊಮಾಲಜಿಯಲ್ಲಿ (ಆಕಾರದ ರಚನೆಯನ್ನು ಅಳೆಯುವ ಬೀಜಗಣಿತದಲ್ಲಿ) ಡಿಟರ್ಮಿನಂಟ್ 1 ಇರುವ ಗ್ರೂಪಿನ ಕಸ್ಪಿಡಲ್‌ಗಳು ಅಡಗಿವೆ ಎಂದು ಡ್ರಿನ್‌ಫೆಲ್ಡ್ ಕಂಡರು. ಅದನ್ನೇ ಹಿಡಿದು ಡೆಲಿನ್ ಮತ್ತು ಲುಸ್ಟಿಗ್ 1976ರಲ್ಲಿ ದೊಡ್ಡ ಸಿದ್ಧಾಂತ ಕಟ್ಟಿದರು.

ಕಸ್ಪಿಡಲ್‌ಗಳನ್ನು ಮೂಲ ಇಟ್ಟಿಗೆಗಳಾಗಿ ನೋಡಬೇಕು, ಮಿಕ್ಕಿದ್ದೆಲ್ಲ ಇಂಡ್ಯೂಸ್ ಮಾಡಿ ಪಡೆಯಬೇಕು ಎಂಬ ದೃಷ್ಟಿ ಹರೀಶ್‌ಚಂದ್ರ ಅವರದು. ಕಾನ್ಪುರದಲ್ಲಿ ಹುಟ್ಟಿದವರು. 1943ರಲ್ಲಿ ಬೆಂಗಳೂರಿನ ಇಂಡಿಯನ್ ಇನ್ಸ್‌ಟಿಟ್ಯೂಟ್ ಆಫ್ ಸೈನ್ಸ್‌ಗೆ ಬಂದು ಹೋಮಿ ಭಾಭಾ ಜೊತೆ ಫಿಸಿಕ್ಸ್ ಮಾಡುತ್ತಿದ್ದರು. ಆಮೇಲೆ ಡಿರಾಕ್ ಬಳಿ ಕೇಂಬ್ರಿಜ್‌ಗೆ ಹೋಗಿ, ಅಲ್ಲಿಂದ ಪೂರ್ತಿ ಗಣಿತಕ್ಕೆ ತಿರುಗಿದರು. ಟಾಟಾ ಇನ್ಸ್‌ಟಿಟ್ಯೂಟ್ ಎಂದು ಕರೆಯುವ ಬೆಂಗಳೂರಿನ ಆ ಸಂಸ್ಥೆಯ ಮುಂದೆ ಬಸ್ಸಿನಲ್ಲಿ ಹಾದುಹೋಗುವಾಗ ನನಗೆ ಇದು ನೆನಪಾಗುವುದುಂಟು.

ಕೈಲೆಕ್ಕ ಮುಗಿದ ಮೇಲೆ ಗ್ಯಾಪ್ ಸಾಫ್ಟ್‌ವೇರ್‌ನಲ್ಲಿ ತಾಳೆ ನೋಡಿ. ಪುಕ್ಕಟೆ ಸಿಗುತ್ತದೆ. ಮೊದಲೇ ತೆರೆಯಬೇಡಿ ಮಾತ್ರ! ಕ್ಯೂ 3ರ ಟೇಬಲ್ ಕೇಳಿದರೆ ಸೊನ್ನೆ ಇರುವ ಕಡೆ ಚುಕ್ಕಿ ಇರುತ್ತದೆ, ಕೆಲವು ಮನೆಗಳಲ್ಲಿ ಅಂಕಿಯ ಬದಲು ಅಕ್ಷರ ಇರುತ್ತದೆ. ಅಕ್ಷರದ ಅರ್ಥ ಕೆಳಗೆ ಬರೆದಿರುತ್ತದೆ: ಮೈನಸ್ ಎರಡರ ವರ್ಗಮೂಲ. ಅದು, 8ನೇ ಘಾತದಲ್ಲಿ ಮೊದಲ ಬಾರಿಗೆ ಐಡೆಂಟಿಟಿ ಆಗುವ ಮ್ಯಾಟ್ರಿಕ್ಸ್‌ಗಳ ಮೇಲೆ ಕಸ್ಪಿಡಲ್‌ನ ಬೆಲೆ. ನಮ್ಮ ಸೂತ್ರದಲ್ಲಿ ಥೀಟಾಗೆ 1ರ ಎಂಟನೇ ಮೂಲ ಹಾಕಿದರೆ, ಚಿಹ್ನೆ ಹೆಚ್ಚುಕಮ್ಮಿ ಆದರೂ, ಅದೇ ಬರುತ್ತದೆ.

ಇಷ್ಟೆಲ್ಲ ಮಾಡಿ ಏನು ಉಪಯೋಗ ಎಂಬ ಪ್ರಶ್ನೆಗೆ ನಾನು ಯಾವಾಗಲೂ ಕೊಡುವ ಉದಾಹರಣೆ ಗಣಿತಜ್ಞ ಗವರ್ಸ್ ಅವರದು, 2008ರದು. ಒಂದು ಗ್ರೂಪಿನಿಂದ ಕೆಲವು ಸದಸ್ಯರನ್ನು ಆರಿಸಬೇಕು. ಯಾವ ಇಬ್ಬರನ್ನು ಗುಣಿಸಿದರೂ ಬರುವುದು ನಾವು ಆರಿಸಿದ್ದರಲ್ಲಿ ಇರಬಾರದು. ಎಷ್ಟು ದೊಡ್ಡದಾಗಿ ಆರಿಸಬಹುದು? ಗಡಿಯಾರದ ಸಂಖ್ಯೆಗಳಂಥ ಕೂಡುವ ಗ್ರೂಪಿನಲ್ಲಿ ಬಹಳ ಸುಲಭ: ಸಮಸಂಖ್ಯೆ ಗಾತ್ರ ಇದ್ದರೆ ಬೆಸ ಸಂಖ್ಯೆಗಳನ್ನೆಲ್ಲ ಆರಿಸಿ, ಅರ್ಧ ಸಿಕ್ಕಿತು. ಡಿಟರ್ಮಿನಂಟ್ 1 ಇರುವ 2×2 ಮ್ಯಾಟ್ರಿಕ್ಸ್‌ಗಳಲ್ಲಿ ಅದು ನಡೆಯುವುದಿಲ್ಲ. ಕಾರಣ ನಮ್ಮ ಟೇಬಲಿನಲ್ಲೇ ಇದೆ.

ಈ ಚಿಕ್ಕ ಗ್ರೂಪಿಗೆ ಇಳಿಸಿದಾಗ ಕೆಲವು ಕಸ್ಪಿಡಲ್‌ಗಳು ಎರಡು ಸಮಪಾಲು ಆಗುತ್ತವೆ. ಕ್ಯೂ 3ಕ್ಕಿಂತ ದೊಡ್ಡ ಬೆಸ ಸಂಖ್ಯೆ ಆಗಿದ್ದರೆ, ಟ್ರಿವಿಯಲ್ (ಎಲ್ಲರಿಗೂ 1 ಕೊಡುವುದು) ಬಿಟ್ಟು ಅತಿ ಚಿಕ್ಕ ರೆಪ್ರಸೆಂಟೇಶನ್‌ನ ಡೈಮೆನ್ಶನ್ (ಕ್ಯೂ−1)/2. ಅದಕ್ಕಿಂತ ಚಿಕ್ಕದು ಇಲ್ಲವೇ ಇಲ್ಲ. ಈಗ ಆರಿಸಿದ ಗುಂಪಿನಿಂದ 0 ಮತ್ತು 1 ಮಾತ್ರ ಇರುವ ಒಂದು ದೊಡ್ಡ ಮ್ಯಾಟ್ರಿಕ್ಸ್ ಮಾಡಿ, ಗುಣಾಕಾರದ ಪಟ್ಟಿಯ ಹಾಗೆ. ಅದರ ಸಿಂಗ್ಯುಲರ್ ವ್ಯಾಲ್ಯೂಗಳ (ಮ್ಯಾಟ್ರಿಕ್ಸ್ ಬೇರೆ ಬೇರೆ ದಿಕ್ಕಿನಲ್ಲಿ ಎಷ್ಟು ಹಿಗ್ಗಿಸುತ್ತದೆ ಎಂಬ ಅಳತೆಗಳ) ವರ್ಗಮೊತ್ತ, ಗ್ರೂಪಿನ ಗಾತ್ರ ಗುಣಿಸು ಗುಂಪಿನ ಗಾತ್ರ. ಆದರೆ ಟ್ರಿವಿಯಲ್ ಅಲ್ಲದ ಪ್ರತಿ ವ್ಯಾಲ್ಯೂ ಕನಿಷ್ಠ (ಕ್ಯೂ−1)/2 ಸಲ ಮತ್ತೆ ಮತ್ತೆ ಬರಲೇಬೇಕು. ಅಷ್ಟು ಸಲ ಬರುವ ವ್ಯಾಲ್ಯೂ ದೊಡ್ಡದಾಗಲು ಜಾಗವೇ ಇಲ್ಲ. ವ್ಯಾಲ್ಯೂಗಳೆಲ್ಲ ಚಿಕ್ಕವಾದರೆ ಗುಂಪು ರ‍್ಯಾಂಡಮ್ ಆಗಿ ಆರಿಸಿದಂತೆ ನಡೆದುಕೊಳ್ಳುತ್ತದೆ, ಗುಣಲಬ್ಧ ಒಳಗೆ ಬಂದು ಬೀಳುತ್ತದೆ.

ಅಂಕಿಯಲ್ಲಿ ನೋಡಿ. ಕ್ಯೂ 101 ಆದರೆ ಡಿಟರ್ಮಿನಂಟ್ 1 ಇರುವವು 10,30,200. ಅತಿ ಚಿಕ್ಕ ಡೈಮೆನ್ಶನ್ 50. ಗವರ್ಸ್ ಲೆಕ್ಕದ ಪ್ರಕಾರ ಮೊದಲನೆಯದನ್ನು 50ರ ಘನಮೂಲದಿಂದ ಭಾಗಿಸಬೇಕು, ಸುಮಾರು 2.8 ಲಕ್ಷ. ಅದಕ್ಕಿಂತ ಜಾಸ್ತಿ ಎಷ್ಟು ಜಾಣತನದಿಂದ ಆರಿಸಿದರೂ, ಯಾವುದೋ ಇಬ್ಬರ ಗುಣಲಬ್ಧ ಆರಿಸಿದ್ದರಲ್ಲೇ ಇರುತ್ತದೆ. ಕ್ಯೂ ಬೆಳೆದ ಹಾಗೆ ಈ ಪಾಲು ಸೊನ್ನೆಯ ಕಡೆಗೆ ಇಳಿಯುತ್ತದೆ. ಇದೇ "ಮತ್ತೆ ಮತ್ತೆ ಬರಬೇಕು" ಎಂಬ ಉಪಾಯವನ್ನು ಸಾರ್ನಾಕ್ ಮತ್ತು ಶ್ಯೂ 1991ರಲ್ಲೇ ಬಳಸಿದ್ದರು. ಬೂರ್ಗೇನ್ ಮತ್ತು ಗ್ಯಾಂಬರ್ಡ್ 2008ರಲ್ಲಿ ಎಕ್ಸ್‌ಪಾಂಡರ್ ಗ್ರಾಫ್‌ಗಳಿಗೆ (ಕಡಿಮೆ ಕೊಂಡಿಗಳಿದ್ದರೂ ಬಿಗಿಯಾಗಿ ಹೆಣೆದ ಜಾಲಗಳಿಗೆ) ಬಳಸಿದರು.

ಮುಂದೆ ಹೋಗುವವರು 3×3ಕ್ಕೆ ಕೈ ಹಾಕಿ. ಕಸ್ಪಿಡಲ್ ಡೈಮೆನ್ಶನ್ ಅಲ್ಲಿ (ಕ್ಯೂ−1)(ಕ್ಯೂ²−1), ಸ್ಟೈನ್‌ಬರ್ಗ್‌ನದು ಕ್ಯೂ³. ಕ್ಯೂ 2 ಇಟ್ಟರೆ ಗ್ರೂಪಿನ ಗಾತ್ರ 168, ಕ್ಲಾಸ್‌ಗಳು ಆರು, ಡೈಮೆನ್ಶನ್‌ಗಳು 1, 3, 3, 6, 7, 8. ಯಾವುದು ಯಾವ ಜಾತಿಯದು ಎಂದು ಗುರುತಿಸುವುದಕ್ಕೆ ಒಂದು ಸಂಜೆ ಸಾಕು.